ನಿಕರಾಗುವಾದ ಸಾರೂ ನಮ್ಮ ಮನೆಯ ಹಾಲಿನ ಕೋಣೆಯೂ

ದೇವರು ಮನುಷ್ಯನಿಗೆ ಒಂದೇ ನಾಲಿಗೆ ಕೊಟ್ಟು ಅದಕ್ಕೆ ಎರಡು ಕೆಲಸ ಹಚ್ಚಿದ್ದು ದೊಡ್ಡ ತಪ್ಪು ಎಂದು ಈ ವಯಸ್ಸಿನಲ್ಲಿ ನನಗೆ ಅನ್ನಿಸುತ್ತಿದೆ. ರುಚಿ ನೋಡುವುದಕ್ಕೆ ಒಂದು, ಮಾತಾಡುವುದಕ್ಕೆ ಇನ್ನೊಂದು ಬೇರೆ ಬೇರೆ ಇದ್ದಿದ್ದರೆ, ಒಂದು ಕೆಟ್ಟರೂ ಇನ್ನೊಂದು ನೆಟ್ಟಗಿರುತ್ತಿತ್ತು. ನನ್ನದು ಎರಡು ಕೆಲಸದಲ್ಲೂ ಕೆಟ್ಟಿತು. ತಿನ್ನಬಾರದ ಕಡೆ ತಿಂದಿತು. ಆಡಬೇಕಾದಾಗ ಬಾಯೊಳಗೆ ಮುದುರಿಕೊಂಡು ಕೂತಿತು. ಕೊನೆಗೆ ಆಡಲೇಬೇಕಾಗಿ ಬಂದಾಗ ಸುಳ್ಳನ್ನು ಮೊದಲು ಆಡಿ ನಿಜವನ್ನು ಆಮೇಲೆ ಆಡಿತು. ಇಷ್ಟೆಲ್ಲ ಆದದ್ದು ಒಂದು ಗಡಿಗೆ ಸಾರಿಗಾಗಿ. ಕುಡಿತ, ಜೂಜು, ಪರರ ಹೊಲ ಒತ್ತುವುದು, ಇಂಥ ಗೌರವಸ್ಥ ಪಾಪಗಳನ್ನು ಮಾಡಿದ ಮುದುಕರು ಜಗುಲಿಯ ಮೇಲೆ ಕೂತು ಹೇಳಿಕೊಳ್ಳುವಾಗ ಕೇಳುವವರು ಹತ್ತಿರ ಸರಿದು ಕೂರುತ್ತಾರೆ. ಸಾರಿನ ಪಾಪಕ್ಕೆ ಅಂಥ ಮರ್ಯಾದೆ ಇಲ್ಲ. ಅದಕ್ಕೇ ಬರೆದು ಹಗುರಾಗೋಣವೆಂದು ಕೂತಿದ್ದೇನೆ.

ಕಳೆದ ತಿಂಗಳು ನನ್ನ ಮೊಮ್ಮಗನ ಹೆಂಡತಿ ನಮ್ಮ ಮನೆಗೆ ಹೊಸದಾಗಿ ಬಂದಳು. ಬಂದ ಮೂರನೆಯ ದಿನವೇ ನನ್ನ ಸೊಸೆ ಅವಳನ್ನು ಹಾಲಿನ ಕೋಣೆಯ ಮುಂದೆ ನಿಲ್ಲಿಸಿ, ಇದರ ಹೊಸಿಲನ್ನು ಹೆಂಗಸರು ದಾಟಬಾರದೆಂದೂ, ಹಿಂದೆ ಈ ಮನೆಯ ಹೆತ್ತೆ, ಎಂದರೆ ಅಜ್ಜಿ, ಹರೆಯದಲ್ಲಿ ದಾಟಿದ್ದಕ್ಕೆ ಗಡಿಗೆ ಹಾಲೆಲ್ಲ ಒಡೆದು ಹೋಯಿತೆಂದೂ, ಆಗ ಅಜ್ಜ ಹೆಂಡತಿಯ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಅವಳನ್ನು ಉಳಿಸಿದನೆಂದೂ ಹೇಳಿದಳು. ಆ ಹುಡುಗಿ ತಿರುಗಿ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಗುಡಿಯ ಬಾಗಿಲಲ್ಲಿ ನಿಂತವರು ಹಾಗೆ ನೋಡುತ್ತಾರೆ. ನಾನು ರಾಗಿ ಹಿಟ್ಟಿನ ತುತ್ತು ನುಂಗುತ್ತಿದ್ದೆ. ನೀರಿನ ಚೆಂಬಿಗೆ ಕೈ ಚಾಚಿದೆ. ಪಾಪಿಯೆಂದು ಹೆಸರಾದ ಹೆತ್ತೆ, ಎಂದರೆ ನನ್ನ ಹೆಂಡತಿ ಮಾದಿ, ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಭುಜ ಮಾತ್ರ ಕುಲುಕುತ್ತಿತ್ತು. ಅಳುವಿಗಲ್ಲ ಎಂದು ಐವತ್ತು ವರ್ಷ ಜೊತೆಗಿದ್ದ ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಮೊದಲೇ ಒಂದು ಮಾತು. ನಮ್ಮ ಹಟ್ಟಿಯ ಮಾತು ಬಡಗ. ಶಾಲೆಯಲ್ಲಿ ನನಗೆ ಕಲಿಸಿದ್ದು ಪುಸ್ತಕದ ಕನ್ನಡ. ಮನೆಯವರು ಆಡಿದ್ದನ್ನು ಆಡಿದ ಹಾಗೇ ಬರೆದರೆ ಮೈಸೂರು ಸೀಮೆಯ ಓದುಗರು ಅಲ್ಲಲ್ಲಿ ಎಡವಬಹುದೆಂದು ಸ್ವಲ್ಪ ಸಮ ಮಾಡಿ ಬರೆದಿದ್ದೇನೆ. ಬಯ್ಗುಳವನ್ನು ಮಾತ್ರ ಸಮ ಮಾಡಿಲ್ಲ.

ಬೆಟ್ಟದ ದೊಡ್ಡ ಪೇಟೆ ಒತ್ತಕಮಂದಿನಲ್ಲಿ ಹೈಸ್ಕೂಲು ಓದಿದವನು ನಮ್ಮ ಹಟ್ಟಿಯಲ್ಲಿ ಆ ಕಾಲಕ್ಕೆ ನಾನೊಬ್ಬನೇ. ಓದಿದ ತಪ್ಪಿಗೆ ಹೊಲದ ಕೆಲಸ ಕೈ ಹಿಡಿಯಲಿಲ್ಲ. ಕಚೇರಿಯ ಕೆಲಸ ಸಿಕ್ಕಲಿಲ್ಲ. ನಡುವಟ್ಟದ ದಾರಿಯಲ್ಲಿ ಒಂದು ಚಹಾ ತೋಟ. ಅಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆದೆ. ತೋಟದ ದೊರೆ ಕೊಟ್ಟ ಹಳೆಯ ಬೂಟು ಹಾಕಿಕೊಂಡು, ತಲೆಗೆ ಬಿಳಿಯ ರುಮಾಲು ಸುತ್ತಿಕೊಂಡು ಹಟ್ಟಿಯ ಏರು ಹತ್ತುವಾಗ ನನ್ನ ನಡಿಗೆಯನ್ನು ನೋಡಿದವರು ತೋಟ ನನ್ನದೇ ಎಂದುಕೊಳ್ಳಬೇಕು, ಹಾಗೆ ನಡೆಯುತ್ತಿದ್ದೆ. ಬೂಟು ಎರಡು ಅಂಗುಲ ದೊಡ್ಡದಾಗಿದ್ದರಿಂದಲೂ ಆ ಗಾಂಭೀರ್ಯ ಬಂದಿರಬಹುದು.

ನಮ್ಮದು ಕೊರಳಲ್ಲಿ ಲಿಂಗ ಧರಿಸುವ ಮನೆ. ಮಾಂಸ ಮುಟ್ಟುವವರಲ್ಲ, ಮುಟ್ಟಿದವರ ಒಲೆಯ ಮೇಲೆ ಬೆಂದದ್ದನ್ನು ತಿನ್ನುವವರೂ ಅಲ್ಲ. ಆದರೆ ದೊರೆಯ ಬಂಗಲೆಯ ಆಫೀಸು ಕೋಣೆಗೂ ಅಡಿಗೆ ಮನೆಗೂ ನಡುವೆ ಒಂದೇ ಗೋಡೆ. ಹಾಜರಿ ಪುಸ್ತಕದ ಮೇಲೆ ಬಗ್ಗಿ ಕೂತ ನನ್ನ ಮೂಗಿನ ಮುಂದೆ ದಿನಕ್ಕೆ ಮೂರು ಸಲ ಪರದೇಶದ ವಾಸನೆಗಳು ಮೆರವಣಿಗೆ ಹೋಗುತ್ತಿದ್ದವು. ಎಲ್ಲದರಲ್ಲೂ ಆಡೋ ಕೋಳಿಯೋ ಇರುತ್ತಿತ್ತಾದ್ದರಿಂದ ನನ್ನ ಧರ್ಮಕ್ಕೆ ಅಪಾಯವಿರಲಿಲ್ಲ. ಹಸಿವಾಗುತ್ತಿತ್ತು, ಆದರೆ ಹೇಸಿಗೆಯೂ ಆಗುತ್ತಿತ್ತು. ಎರಡೂ ಸೇರಿ ಸರಿಹೋಗುತ್ತಿತ್ತು.

ಹೀಗಿರಲು ದೊರೆ ಮದುವೆಯಾಗಿ ಬಂದರು. ದೊರೆಸಾನಿ ಬಿಲಾತಿಯವರಲ್ಲ. ದೊರೆ ಹರೆಯದಲ್ಲಿ ಕಾಫಿ ಬೆಳೆಯುವುದನ್ನು ಕಲಿಯಲು ಹೋಗಿದ್ದ ನಿಕರಾಗುವಾ ಎಂಬ ದೇಶದವರು. ಅದು ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರು ಭೂಪಟ ತೆಗೆದು ಎರಡು ಅಮೆರಿಕಗಳನ್ನು ಹಿಡಿದುಕೊಂಡಿರುವ ಸಣ್ಣ ಕತ್ತನ್ನು ತೋರಿಸಿದರು. ಅಲ್ಲೂ ಬೆಟ್ಟ, ಅಲ್ಲೂ ಮಂಜು, ಅಲ್ಲೂ ಮಳೆ ಬಂದರೆ ಬೂಟಿನೊಳಗೆ ನೀರು ಎಂದರು. ಬಂದ ವರ್ಷವೇ ಬಂಗಲೆಯ ಹಿಂದೆ ತಮ್ಮ ಊರಿನ ಬಿಳಿಯ ಮುಸುಕಿನ ಜೋಳ ಬಿತ್ತಿದರು. ಅವರ ಮತದಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ವ್ರತವಂತೆ. ಆ ದಿನಗಳ ಶುಕ್ರವಾರ ಮಾಂಸ ಮುಟ್ಟಬಾರದಂತೆ. ಶುಕ್ರವಾರ ಬಂದರೆ ದೊರೆಸಾನಿ ಬಟ್ಲರನನ್ನು ಹೊರಗೆ ಕಳಿಸಿ ತಾವೇ ಒಲೆಯ ಮುಂದೆ ನಿಂತು, ತಮ್ಮ ತಾಯಿ ಮಾಡುತ್ತಿದ್ದ ಸಾರು ಮಾಡುತ್ತಿದ್ದರು.

ಬಟ್ಲರ್ ಅಂತೋಣಿಗೆ ಇದರಿಂದ ಬಹಳ ಅವಮಾನವಾಯಿತು. ಮದರಾಸಿನ ಕಡೆಯವನು; ಸೂಪು ಮಾಡುವುದರಲ್ಲಿ ಹೆಸರಾದವನು. ಎಲುಬಿಲ್ಲದೆ ಸೂಪು ಹೇಗೆ ನಿಲ್ಲುತ್ತದೆ ಎಂಬುದು ಅವನ ಪ್ರಶ್ನೆ. ಆಫೀಸಿನ ಬಾಗಿಲಿಗೆ ಒರಗಿ ನಿಂತು ನನಗೆ ಹೇಳಿಕೊಂಡ: "ರೈಟರೇ, ಇದು ಸೂಪಾ? ಪಾತ್ರೆ ತೊಳೆದ ನೀರಿಗೆ ವಡೆ ಬಿದ್ದ ಹಾಗಿದೆ. ನಿಮ್ಮಂಥವರಿಗೇ ಸರಿ."

ಅವನು ಬೈದದ್ದು ಸಾರನ್ನು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು. ನನ್ನಂಥವರಿಗೆ ಸರಿ ಎಂದ ಮೇಲೆ ಈ ಗೋಡೆಯ ಆಚೆ ಮೊದಲ ಬಾರಿಗೆ ನಾನು ತಿನ್ನಬಹುದಾದ ಒಂದು ಪದಾರ್ಥ ಬೇಯುತ್ತಿದೆ ಎಂದಾಯಿತು. ಅವತ್ತಿನಿಂದ ಹೇಸಿಗೆ ನನ್ನನ್ನು ಕೈಬಿಟ್ಟಿತು. ಹಸಿವು ಒಂದೇ ಉಳಿಯಿತು. ದೊರೆಸಾನಿಗೂ ಯಾರೋ ಹೇಳಿರಬೇಕು, ಈ ರೈಟರ್ ಹುಟ್ಟಿದಂದಿನಿಂದ ಮಾಂಸ ತಿಂದವನಲ್ಲ ಎಂದು. ಅವರಿಗೆ ಬಹಳ ಸೋಜಿಗವಾಯಿತು. ಹಾಗಾದರೆ ನಿನಗೆ ವರ್ಷವೆಲ್ಲ ಶುಕ್ರವಾರವೇ ಎಂದು ಕೇಳಿದರು. ಹೌದಮ್ಮ ಎಂದೆ. ಮರುಕದಿಂದಲೋ ಭಕ್ತಿಯಿಂದಲೋ ಒಂದು ಬಟ್ಟಲು ತುಂಬ ಸಾರು ತಂದು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟರು.

ಬೇಡ ಎನ್ನಬೇಕಿತ್ತು. ಆ ಒಲೆಯ ಮೇಲೆ ಹಿಂದಿನ ದಿನ ಏನು ಬೆಂದಿತ್ತೆಂದು ನನಗೆ ಗೊತ್ತಿತ್ತು. ವಾಸನೆಯನ್ನು ನಾನೇ ಕುಡಿದಿದ್ದೆ. ಆದರೆ ಬಟ್ಟಲಿನಿಂದ ಹಬೆ ಏಳುತ್ತಿತ್ತು, ಹೊರಗೆ ಮಂಜು ಬಾಗಿಲು ತಳ್ಳುತ್ತಿತ್ತು, ಮತ್ತು ದೊರೆಸಾನಿಯ ಮನಸ್ಸು ನೋಯಿಸಬಾರದೆಂಬ ಒಂದು ಒಳ್ಳೆಯ ವಿಚಾರ ನನಗೆ ಸರಿಯಾದ ಹೊತ್ತಿಗೆ ಹೊಳೆಯಿತು. ಒಳ್ಳೆಯ ವಿಚಾರಗಳು ನನಗೆ ಯಾವಾಗಲೂ ಇಂಥ ಹೊತ್ತಿನಲ್ಲೇ ಹೊಳೆದಿವೆ. ತಿಂದೆ. ಕೆಳಗಿನ ಸೀಮೆಯವರ ಕೋಡುಬಳೆಯನ್ನು ಮಜ್ಜಿಗೆಹುಳಿಯಲ್ಲಿ ಮುಳುಗಿಸಿದ ಹಾಗೆ ಇತ್ತು ಎಂದರೆ ಅರ್ಧ ಹೇಳಿದ ಹಾಗೆ. ಬಳೆ ಹೊರಗೆ ಗರಿ, ಒಳಗೆ ಹತ್ತಿ. ಹತ್ತಿಯ ನಡುವೆ ಉಪ್ಪುಪ್ಪಾದ ಹಾಲಿನ ಗಿಣ್ಣು, ದೊರೆಗಳು ಚೀಸು ಎನ್ನುವುದು. ಸುತ್ತಲೂ ಜೋಳದ ಹಿಟ್ಟಿನಿಂದ ಮಂದವಾದ, ತಕ್ಕಾಳಿ ಎಂಬ ಟೊಮೇಟೊ ಹಣ್ಣಿನಿಂದ ಕೆಂಪಾದ, ಪುದೀನದ ವಾಸನೆಯ ರಸ. ಕೊನೆಯ ಶುಕ್ರವಾರದ ಹೊತ್ತಿಗೆ ನಾನು ಬಟ್ಟಲನ್ನು ಕೇಳಿ ಪಡೆಯುವವನಾಗಿದ್ದೆ. ಮಾಡುವ ಬಗೆಯನ್ನೂ ಕೇಳಿಕೊಂಡು, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದೆ.

ಈಸ್ಟರ್ ಮುಗಿಯಿತು, ಸಾರೂ ನಿಂತಿತು. ಇನ್ನು ಹತ್ತೂವರೆ ತಿಂಗಳು ಕಾಯಬೇಕೆಂದು ಹಾಜರಿ ಪುಸ್ತಕದ ಅಂಚಿನಲ್ಲಿ ಲೆಕ್ಕ ಹಾಕಿದೆ. ಮನೆಯಲ್ಲೇ ಮಾಡಿದರೆ ಹೇಗೆ ಎಂಬ ದುರ್ಬುದ್ಧಿ ಬಂದದ್ದು ಆಗ.

ಜೋಳಕ್ಕೆ ತೊಂದರೆ ಇರಲಿಲ್ಲ. ದೊರೆಸಾನಿ ಬಿತ್ತನೆಗೆಂದು ನಾಲ್ಕು ತೆನೆ ಕೊಟ್ಟಿದ್ದರು. ಹೊಲದಲ್ಲಿ ಬೆಳೆದದ್ದಕ್ಕೆ ಮೈಲಿಗೆ ಇಲ್ಲ. ತೊಂದರೆ ಗಿಣ್ಣಿನದು. ಬಂಗಲೆಯ ಗಿಣ್ಣು ನಮ್ಮ ಹೊಸಿಲು ದಾಟುವಂತಿಲ್ಲ. ನಮ್ಮ ಹಾಲಿನಿಂದಲೇ ಆಗಬೇಕು. ಅದಕ್ಕೆ ಕಾದ ಹಾಲಿಗೆ ಹುಳಿ ಹಿಂಡಿ ಬೇಕೆಂದೇ ಒಡೆಯಬೇಕು. ಇಷ್ಟು ಬರೆಯುವಾಗ ಈಗಲೂ ನನ್ನ ಕೈ ನಿಂತು ನಿಂತು ಮುಂದೆ ಹೋಗುತ್ತಿದೆ. ನಮ್ಮ ಬಡಗರ ಮನೆಯಲ್ಲಿ ಹಾಲಿನ ಕೋಣೆ ಎಂದರೆ ಏನೆಂದು ತಿಳಿಯದವರಿಗೆ ಇದರ ಭಯ ತಿಳಿಯದು. ಒಳಮನೆಯ ಮೂಲೆಯಲ್ಲಿ ಆ ಸಣ್ಣ ಕೋಣೆ. ಹಾಲಿನ ಗಡಿಗೆಗಳೂ, ಹಾಲು ಕಾಯಿಸುವ ಪುಟ್ಟ ಒಲೆಯೂ ಅಲ್ಲೇ. ಹಾಲು ಕರೆಯುವುದು, ಕಾಯಿಸುವುದು, ಕಡೆಯುವುದು ಎಲ್ಲ ಗಂಡಸರ ಕೆಲಸ. ಮಿಂದು, ಬರಿಗಾಲಲ್ಲಿ ಒಳಗೆ ಹೋಗಬೇಕು. ಹೆಂಗಸರು ಹೊಸಿಲಿನ ಹೊರಗೆ ಪಾತ್ರೆ ಹಿಡಿದು ನಿಲ್ಲಬೇಕು. ನನ್ನ ಅವ್ವೆ ನಲವತ್ತು ವರ್ಷ ಆ ಮನೆಯಲ್ಲಿದ್ದು ಆ ಕೋಣೆಯ ಹಿಂದಿನ ಗೋಡೆಯನ್ನು ನೋಡಿರಲಿಲ್ಲ. ಅಪ್ಪ ತನ್ನ ಆಯುಸ್ಸಿನಲ್ಲಿ ಒಂದು ದಿನವೂ ಆ ಕೋಣೆಯಲ್ಲಿ ಹಾಲು ಒಡೆದದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಬೇರೆಯವರು ತಮ್ಮ ಮಕ್ಕಳ ವಿಷಯದಲ್ಲಿ ಹಾಗೆ ಹೇಳಿಕೊಳ್ಳುತ್ತಾರೆ. ಅಪ್ಪನಿಗೆ ನನ್ನ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲವಾದ್ದರಿಂದ ಹಾಲಿನ ವಿಷಯ ಹೇಳುತ್ತಿದ್ದ.

ಸಮಯ ಕೂಡಿ ಬಂತು. ದೂರದ ಹಟ್ಟಿಯಲ್ಲಿ ನೆಂಟರ ಮುದುಕನೊಬ್ಬ ತೀರಿಕೊಂಡ. ಅಪ್ಪ, ಅವ್ವೆ ಇಬ್ಬರೂ ಸಾವಿಗೆ ಹೋದರು. ಬೆಳಗ್ಗೆ ಹೋದವರು ಮರುದಿನ ಸಂಜೆಗೇ ಬರುವುದು. ಎರಡು ಹೊತ್ತಿನ ಹಾಲು ಕರೆಯುವುದನ್ನು ನನಗೆ ಒಪ್ಪಿಸಿ ಹೋದ ಅಪ್ಪ ಹತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದು, ಮಿಂದೇ ಒಳಗೆ ಹೋಗು ಎಂದು ಇನ್ನೊಮ್ಮೆ ಹೇಳಿದ. ಮನೆಯಲ್ಲಿ ಉಳಿದದ್ದು ನಾನು, ಮದುವೆಯಾಗಿ ಎರಡು ವರ್ಷವಾಗಿದ್ದ ಮಾದಿ.

ಮಾದಿಗೆ ಅರ್ಧ ಹೇಳಿದೆ. ದೊರೆಸಾನಿ ತಮ್ಮ ಊರಿನ ಒಂದು ಉದಕದ ಬಗೆ ಹೇಳಿದರು, ಮಾಡಿ ನೋಡೋಣ ಎಂದೆ. ಉದಕ ಎಂದರೆ ನಮ್ಮಲ್ಲಿ ಸಾರು. ತಿಂದಿದ್ದೇನೆ ಎಂದು ಹೇಳಲಿಲ್ಲ. ಗಂಡಸು ಒಲೆಯ ಮುಂದೆ ಕೂರುವುದನ್ನು ನೋಡುವ ಆಸೆಗೇ ಅವಳು ಒಪ್ಪಿದಳು. ಆದರೆ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಬೇಕು ಎಂದಾಗ ಕೈಲಿದ್ದ ಮೊರವನ್ನು ಕೆಳಗಿಟ್ಟಳು.

"ಸುಣ್ಣ ಯಾವುದು? ಎಲೆಗೆ ಹಚ್ಚುವುದಾ, ಗೋಡೆಗೆ ಬಳಿಯುವುದಾ?"

ಎಲೆಗೆ ಹಚ್ಚುವುದು ಎಂದೆ. ಸಿಪ್ಪೆ ಜಾರುವ ತನಕ ಬೇಯಿಸಿ, ಆಮೇಲೆ ಏಳು ನೀರಿನಲ್ಲಿ ತೊಳೆಯುತ್ತಾರಂತೆ ಎಂದೆ.

"ಏಳು ನೀರು ಹೊರುವುದು ಯಾರು? ಅವರ ಊರಲ್ಲಿ ದೊರೆಸಾನಿ ಹೊರ್‌ತಾಳಾ?"

ನಾನೇ ಹೊತ್ತೆ. ಅಪ್ಪನ ಎಲೆಯಡಿಕೆ ಚೀಲದಿಂದ ಉಳಿದ ಸುಣ್ಣವನ್ನೆಲ್ಲ ಕೆರೆದು ಗಡಿಗೆಗೆ ಹಾಕಿ ಜೋಳ ಬೇಯಿಸಿ, ಬುಗ್ಗೆಯಿಂದ ಏಳು ಸಲ ನೀರು ತಂದು ತೊಳೆದೆ. ಬರಿಗಾಲು ಬೇರೆ, ಬೂಟಿನ ಹಿಮ್ಮಡಿ ಕಿತ್ತಿದ್ದರಿಂದ ಹಿಂದಿನ ಮಂಗಳವಾರದ ಸಂತೆಯ ದಿನ ಅದನ್ನು ಒತ್ತಕಮಂದಿನ ಮೋಚಿಯ ಹತ್ತಿರ ಬಿಟ್ಟು ಬಂದಿದ್ದೆ. ಅಲ್ಲಿಂದ ಹಟ್ಟಿಯ ತನಕ ಕುಂಟಿಕೊಂಡು ಬಂದದ್ದನ್ನು ದಾರಿಯ ಜನವೆಲ್ಲ ನೋಡಿ ಸಂತೋಷಪಟ್ಟಿದ್ದರು. ಜೋಳ ಹಿಟ್ಟಾಗುವ ಹೊತ್ತಿಗೆ ಮಾದಿ ರುಬ್ಬುವ ಕಲ್ಲಿನ ಮುಂದೆ ಕೂತು, ನಾನು ಕಲ್ಲಿಗೆ ಕೈ ಇಟ್ಟರೆ ಕಲ್ಲು ಅಳುತ್ತದೆ ಎಂದು ತಾನೇ ರುಬ್ಬಿಕೊಟ್ಟಳು.

ಅವಳು ರುಬ್ಬುತ್ತಿರುವಾಗ ನಾನು ಹಾಲಿನ ಕೋಣೆಗೆ ಹೋದೆ. ಬೆಳಗಿನ ಹಾಲನ್ನು ಅಪ್ಪನ ದೊಡ್ಡ ಗಡಿಗೆಯಲ್ಲಿ ಒಲೆಗಿಟ್ಟೆ. ಉಕ್ಕು ಬಂದಾಗ ಮಡಿಲಿನಿಂದ ನಾಲ್ಕು ನಿಂಬೆಹಣ್ಣು ತೆಗೆದು, ಕಣ್ಣು ಮುಚ್ಚಿ ಹಿಂಡಿದೆ. ಕಣ್ಣು ಮುಚ್ಚಿದರೆ ಪಾಪ ಅರ್ಧವಾಗುತ್ತದೆ ಎಂದು ಆಗ ನಂಬಿದ್ದೆ. ತೆರೆದು ನೋಡಿದರೆ ಅಪ್ಪನ ಹೆಮ್ಮೆಯೆಲ್ಲ ಚೂರು ಚೂರಾಗಿ ಹಸಿರು ನೀರಿನ ಮೇಲೆ ತೇಲುತ್ತಿತ್ತು. ಸೋಸಲು ಬಟ್ಟೆ ಬೇಕು. ತಲೆಯ ಮೇಲೆ ರೈಟರ್ ರುಮಾಲು ಇತ್ತು. ಅದರಲ್ಲೇ ಕಟ್ಟಿ ಹಿಂಡಿ, ನೀರನ್ನು ಹಿಂದಿನ ಬಾಗಿಲಿನಿಂದ ಕರುವಿಗೆ ಕುಡಿಸಿದೆ. ನಿಂಬೆಯ ಸಿಪ್ಪೆಯನ್ನು ಅದರ ತಾಯಿಗೆ ತಿನ್ನಿಸಿದೆ. ಸಾಕ್ಷಿಗಳನ್ನೆಲ್ಲ ಹೀಗೆ ಹೊಟ್ಟೆಗೆ ಸೇರಿಸಿ, ಗಡಿಗೆಗೆ ಒಂದು ಚೆಂಬು ತಣ್ಣೀರು ತಿರುಗಿಸಿ ಚೆಲ್ಲಿ ಮೊದಲಿದ್ದಲ್ಲೇ ಬೋರಲು ಹಾಕಿ, ಅಪ್ಪ ಬರುವ ತನಕ ಸಣ್ಣ ಗಡಿಗೆಯಲ್ಲೇ ಹಾಲು ಕಾಯಿಸಿದೆ. ಮಣ್ಣಿನ ಗಡಿಗೆ ಹುಳಿಯನ್ನು ಮೈಯೊಳಗೆ ಕುಡಿದು ಇಟ್ಟುಕೊಳ್ಳುತ್ತದೆ ಎಂಬುದನ್ನು ಹೈಸ್ಕೂಲಿನಲ್ಲಿ ಕಲಿಸಿರಲಿಲ್ಲ.

ರುಮಾಲಿನ ಗಂಟು ನೋಡಿ ಮಾದಿ ಇದೇನ ಎಂದಳು. ಗಿಣ್ಣು ಎಂದೆ. ಎಲ್ಲಿಂದ ಎಂದಳು. ಸಂತೆಯಿಂದ ಎಂದೆ. ಗಂಟಿನಿಂದ ಇನ್ನೂ ಹಬೆ ಏಳುತ್ತಿತ್ತು. ಮಾದಿ ಹಬೆಯನ್ನು ನೋಡಿದಳು, ನನ್ನ ಬರಿ ತಲೆಯನ್ನು ನೋಡಿದಳು, ಆತು ಎಂದು ಹಿಟ್ಟಿಗೆ ಗಿಣ್ಣು ಕಲಸತೊಡಗಿದಳು.

ಮೊದಲ ನಾಲ್ಕು ಬಳೆ ತುಪ್ಪದಲ್ಲಿ ಬಿದ್ದ ಕೂಡಲೇ ಬಿಚ್ಚಿಕೊಂಡು ಹೋದವು. ಹಿಟ್ಟು ನೀರಾಯಿತು ಎಂದು ನಾನು, ತುಪ್ಪ ಕಾಯಲಿಲ್ಲ ಎಂದು ಅವಳು. ಅವಳದೇ ಸರಿ ಎಂದು ಐದನೆಯ ಬಳೆ ತೀರ್ಪು ಕೊಟ್ಟಿತು. ಈರುಳ್ಳಿ, ಬೆಳ್ಳುಳ್ಳಿ, ತಕ್ಕಾಳಿ ಬಾಡಿಸಿ, ಉಳಿದ ಹಿಟ್ಟನ್ನು ನೀರಿನಲ್ಲಿ ಕದಡಿ ಹಾಕಿ, ಕುದಿ ಬಂದ ಮೇಲೆ ಪುದೀನ ಕಿವುಚಿ, ಹಾಲು ಬೆರೆಸಿ, ಕೊನೆಗೆ ಬಳೆಗಳನ್ನು ಇಳಿಬಿಟ್ಟೆವು. ಆಮೇಲೆ ಒಂದು ವಿಚಿತ್ರ ನಡೆಯಿತು. ಮದುವೆಯಾದ ಎರಡು ವರ್ಷದಲ್ಲಿ ನಾವಿಬ್ಬರು ಎದುರು ಬದುರು ಕೂತು ಉಂಡೇ ಇರಲಿಲ್ಲ. ಗಂಡಸರು ಉಂಡೆದ್ದ ಮೇಲೆ ಹೆಂಗಸರು. ಅದೂ ಅವ್ವೆ ಉಂಡ ಮೇಲೆ ಮಾದಿ. ಅವತ್ತು ಒಲೆಯ ಎರಡು ಕಡೆ ಇಬ್ಬರೂ ಕೂತು, ಗಡಿಗೆ ನಡುವೆ ಇಟ್ಟುಕೊಂಡು, ಒಂದು ಹನಿ ಬಿಡದೆ ಕುಡಿದೆವು. ಮಾದಿಯ ಮೂಗಿನ ತುದಿಗೆ ಸಾರು ಹತ್ತಿತ್ತು. ಅವಳು ಚೆನ್ನಾಗಿದೆ ಎನ್ನಲಿಲ್ಲ. ಖಾಲಿ ಗಡಿಗೆಯೊಳಗೆ ಕೈ ಹಾಕಿ ಬೆರಳಿನಿಂದ ಬಳಿದು, ಬೆರಳು ನೆಕ್ಕಿ, ಇಷ್ಟೇನಾ ಎಂದು ಕೇಳಿದಳು.

ಮರುದಿನ ಸಂಜೆ ಅಪ್ಪ ಬಂದ. ಮಿಂದು, ಹಾಲು ಕರೆದು, ಅದೇ ಗಡಿಗೆಗೆ ಸುರಿದು ಒಲೆಗಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಕೋಣೆಯಿಂದ ಏನೂ ಸದ್ದು ಬರಲಿಲ್ಲ. ಅಪ್ಪ ಕೂಗುವ ಮನುಷ್ಯ. ಸದ್ದು ಬಾರದ್ದಕ್ಕೇ ನಾನು ಬಾಗಿಲಿನ ಕಡೆ ಸರಿದೆ. ಗಡಿಗೆಯನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಬಂದು ಅವ್ವೆಯ ಮುಂದಿಟ್ಟ. ಹಾಲು ಚೂರು ಚೂರಾಗಿತ್ತು. ಅವ್ವೆ ಬಾಯಿಗೆ ಸೆರಗು ಮುಚ್ಚಿಕೊಂಡಳು. ಅಪ್ಪ ಸೊಸೆಯ ಮುಖ ನೋಡಿ ಮಾತಾಡುವವನಲ್ಲ, ಕಂಬಕ್ಕೆ ಹೇಳಿದ: "ನಂಗ ಇಬ್ಬರೂ ಇಲ್ಲದಾಗ ಯಾರೋ ಹೊಸಿಲು ದಾಟಿದ್ದಾರೆ."

ಮನೆಯಲ್ಲಿದ್ದವರು ಇಬ್ಬರು. ಗಂಡಸು ದಾಟಿದರೆ ದೋಷವಿಲ್ಲ. ಹಾಗಾದರೆ ದಾಟಿದವರು ಯಾರೆಂದು ಕಂಬಕ್ಕೂ ತಿಳಿಯುವಂತಿತ್ತು. ಅಪ್ಪ ಮುಂದುವರಿದು, ನಾಳೆ ಊರ ಗೌಡನನ್ನು ಕರೆಸುವುದೆಂದೂ, ಕೋಣೆ ಶುದ್ಧಿಯಾಗುವ ತನಕ ಸೊಸೆ ತವರಿಗೆ ಹೋಗಲೆಂದೂ, ಶುದ್ಧಿಯಾದ ಮೇಲೆ ಕರೆಸುವುದೋ ಬೇಡವೋ ಆಮೇಲೆ ನೋಡುವುದೆಂದೂ ಕಂಬಕ್ಕೆ ಹೇಳಿದ. ಹಾಲಿನ ದೋಷ ಹೊತ್ತು ತವರಿಗೆ ಹೋದ ಹೆಣ್ಣನ್ನು ತಿರುಗಿ ಕರೆಸಿದ್ದನ್ನು ನಾನು ಕಂಡಿರಲಿಲ್ಲ. ಮಾದಿ ನನ್ನ ಕಡೆ ನೋಡಿದಳು. ನಾನು ಕಂಬದ ಕಡೆ ನೋಡಿದೆ.

ಮರುದಿನ ಊರ ಗೌಡ ಬಂದು ಜಗುಲಿಯಲ್ಲಿ ಕೂತ. ಹಟ್ಟಿಯ ಹತ್ತು ಹನ್ನೆರಡು ಜನ ಸೇರಿದರು. ನಾನು ಮೊದಲು ಹಸು ಕೆಟ್ಟ ಹುಲ್ಲು ತಿಂದಿರಬಹುದು ಎಂದೆ. ಹಸುವನ್ನು ಮೇಯಿಸಿದ್ದು ಗೌಡನ ತಮ್ಮ. ಅವನಿಗೆ ಸಿಟ್ಟು ಬಂತು. ಚಳಿಗೆ ಹೀಗಾಗುತ್ತದೆಂದು ಇಂಗ್ಲಿಷ್ ಪುಸ್ತಕದಲ್ಲಿದೆ ಎಂದೆ. ಈ ಬೆಟ್ಟದಲ್ಲಿ ಚಳಿ ಇವತ್ತು ಹುಟ್ಟಿತಾ ಎಂದು ಅಪ್ಪ ಕೇಳಿದ. ಗೌಡ ಗಂಟಲು ಸರಿಮಾಡಿಕೊಂಡು ತೀರ್ಪಿಗೆ ಬಾಯಿ ತೆರೆಯುವುದನ್ನು ಕಂಡು, ಏನಾದರೂ ಒಪ್ಪಿಕೊಳ್ಳಬೇಕೆಂದು ತೀರ್ಮಾನಿಸಿದೆ. ಆದರೆ ಒಪ್ಪಿಕೊಳ್ಳುವುದರಲ್ಲೂ ಅಗ್ಗದ್ದನ್ನು ಆರಿಸಿಕೊಂಡೆ. "ನಾನು ಬೂಟು ಹಾಕಿಕೊಂಡು ಹಾಲಿನ ಕೋಣೆಗೆ ಹೋಗಿಬಿಟ್ಟೆ," ಎಂದೆ. ಚರ್ಮದ ಬೂಟು ದೋಷವೇ. ಆದರೆ ಮರೆವಿನ ದೋಷ. ದಂಡ ಕೊಟ್ಟು ಮುಗಿಸಬಹುದು.

ಎಲ್ಲರ ಕಣ್ಣೂ ನನ್ನ ಕಾಲಿಗೆ ಇಳಿಯಿತು. ಆಮೇಲೆ ಗೌಡನ ತಮ್ಮ ನಿಧಾನವಾಗಿ ಕೇಳಿದ: "ಬೂಟು ಮೋಚಿ ಹತ್ತಿರ ಅಲ್ಲವಾ ಇರುವುದು? ಮಂಗಳವಾರ ಕುಂಟಿಕೊಂಡು ಬಂದೆಯಲ್ಲ."

ಜಗುಲಿಯಲ್ಲಿದ್ದವರ ಮುಖ ಒಂದೊಂದಾಗಿ ಮೆತ್ತಗಾಗುವುದನ್ನು ನೋಡಿದೆ. ಹೆಂಡತಿಗಾಗಿ ಸುಳ್ಳು ಹೇಳುತ್ತಿದ್ದಾನೆ ಎಂದು ಅವರಿಗೆಲ್ಲ ಅರ್ಥವಾಗಿತ್ತು. ಹೆಂಡತಿ ದಾಟಿದ್ದಾಳೆ ಎಂಬುದೂ ಅದರ ಜೊತೆಗೇ ಅರ್ಥವಾಗಿತ್ತು. ನನ್ನ ಸುಳ್ಳೇ ಅವಳ ಮೇಲೆ ಸಾಕ್ಷಿಯಾದದ್ದು ಕಂಡು ನನಗೆ ಗಾಬರಿಯಾಗಿ, ಬಾಯಿಗೆ ಬಂದ ನಿಜವನ್ನೇ ಹೇಳಿಬಿಟ್ಟೆ. ಬೂಟಲ್ಲ, ನಾನೇ ಹಾಲಿಗೆ ನಿಂಬೆ ಹಿಂಡಿ ಒಡೆದೆ, ಆ ಹುಳಿ ಗಡಿಗೆಯಲ್ಲಿ ಉಳಿಯಿತು, ಮಾದಿ ಹೊಸಿಲಿನ ಹತ್ತಿರವೂ ಬಂದಿಲ್ಲ ಎಂದೆ.

"ಏಕೆ?" ಎಂದ ಅಪ್ಪ.

ಇಲ್ಲಿ ನಾನು ದೊರೆಸಾನಿಯ ಹೆಸರು ಹೇಳಬೇಕಿತ್ತು. ಒಂದು ಸಾರು ತಿಂದೆ, ಮತ್ತೆ ತಿನ್ನುವ ಆಸೆಯಾಯಿತು, ಬೇಕಾದರೆ ಬಂಗಲೆಗೆ ಬಂದು ಕೇಳಿ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಮಾಂಸದ ಒಲೆಯ ಮೇಲಿನದನ್ನು ಲಿಂಗಧಾರಿ ತಿಂದ ಎಂದಾಗುತ್ತಿತ್ತು. ಶುದ್ಧಿಯಾಗಬೇಕಾದದ್ದು ಕೋಣೆಯಲ್ಲ, ನಾನು. ಅಪ್ಪನ ಕಣ್ಣು ನನ್ನ ಮೇಲಿತ್ತು. ನಾಲಿಗೆ ಮುದುರಿಕೊಂಡಿತು.

"ಸುಮ್ಮನೆ," ಎಂದೆ.

ಬೇಕೆಂದು ಹಾಲು ಒಡೆಯುವವನು, ಅದೂ ಸುಮ್ಮನೆ ಒಡೆಯುವವನು, ಬಡಗರಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಜಗುಲಿಯಲ್ಲಿ ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು. ಗೌಡ ಅಪ್ಪನ ಕಡೆ ತಿರುಗಿ ಹೇಳಿದ: "ನೋಡು, ಹೆಂಡತಿಗಾಗಿ ಹುಚ್ಚ ಎಂದು ಹೆಸರು ತಗೊಳ್ಳಲೂ ಸಿದ್ಧವಾಗಿ ಕೂತಿದ್ದಾನೆ. ಇಂಥವನ ಹೆಂಡತಿಯನ್ನು ಕಳಿಸಬೇಡ. ಗೊತ್ತಿಲ್ಲದ ಹುಡುಗಿ, ಕಾಲಿಗೆ ಬಿದ್ದು ತಪ್ಪಾಯಿತು ಅನ್ನಲಿ. ಆತು." ಅಪ್ಪನೂ ಮೊದಲ ಬಾರಿಗೆ ನನ್ನನ್ನು ಮಗನೆಂದು ನೋಡುವವನ ಹಾಗೆ ನೋಡಿದ.

ಮಾದಿ ಬಂದಳು. ತಲೆಯ ಬಿಳಿಯ ಬಟ್ಟೆ ಸರಿಮಾಡಿಕೊಂಡು, ಮಾಡದ ತಪ್ಪಿಗೆ ಅಪ್ಪನ ಕಾಲಿಗೆ ಹಣೆ ಮುಟ್ಟಿಸಿದಳು. ಈಗ ನಾನು ಹೇಳಬೇಕಾದ ಪಾಪಕ್ಕೆ ಬಂದೆ. ಸಾರು ತಿಂದದ್ದಲ್ಲ, ಅದನ್ನು ದೇವರು ನಾಲಿಗೆ ಕೊಟ್ಟ ತಪ್ಪಿಗೆ ಹಾಕಿಕೊಳ್ಳಲಿ. ಹಾಲು ಒಡೆದದ್ದೂ ಅಲ್ಲ. ಅವಳು ಬಗ್ಗಿದಾಗ ನನ್ನ ಎದೆ ಹಗುರಾಯಿತು. ನಿಜ ಹೇಳಿದೆ, ಯಾರೂ ನಂಬಲಿಲ್ಲ, ಇನ್ನು ನನ್ನ ಮೇಲೇನಿದೆ ಎಂದುಕೊಂಡೆ. ಮಳೆ ಬರುತ್ತಿರುವಾಗ ಬೇರೆಯವರ ಮಾಡಿನ ಕೆಳಗೆ ಸೇರಿಕೊಂಡವನ ಹಾಗೆ ಹಾಯಾಗಿ ಉಸಿರು ಬಿಟ್ಟೆ. ಆ ಉಸಿರನ್ನು ಮಾದಿ ಕೇಳಿಸಿಕೊಂಡಳೆಂದು ನನಗೆ ಖಂಡಿತವಾಗಿ ಗೊತ್ತು.

ಅವಳು ಅಂದಿನಿಂದ ಇಂದಿನ ತನಕ ಆ ಮಾತು ಎತ್ತಿ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಅವ್ವೆ ಬದುಕಿದ್ದಷ್ಟು ದಿನ ಹಾಲಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಒಂದು ಮರದ ತುಂಡು ಇಟ್ಟಿರುತ್ತಿದ್ದಳು. ಮಾದಿ ಆ ಕಡೆ ಹೋದರೆ ಕೆಲಸ ಬಿಟ್ಟು ನೋಡುತ್ತಿದ್ದಳು. ಹೊಲಕ್ಕೆ ಮಜ್ಜಿಗೆ ಕಳಿಸುವಾಗ ಗಡಿಗೆಯನ್ನು ಬೇರೆ ಯಾರ ತಲೆಯ ಮೇಲಾದರೂ ಇಡುತ್ತಿದ್ದಳು. ಬೇರೆ ಹಟ್ಟಿಗೆ ಮದುವೆಗೆ ಹೋದರೆ ಹೆಂಗಸರು ಮಾದಿಗೆ ನನ್ನನ್ನು ತೋರಿಸಿ, ನೀನು ಪುಣ್ಯ ಮಾಡಿದ್ದೆ ಎನ್ನುತ್ತಿದ್ದರು. ಅವಳು ಹೌದು ಹೌದು ಎಂದು ನನ್ನ ಕಡೆ ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ ನಾನು ಅವಳು ಹೇಳಿದ ಒಂದು ಕೆಲಸವನ್ನೂ ಇಲ್ಲ ಎಂದವನಲ್ಲ. ಒಳ್ಳೆಯ ಗಂಡ ಎಂಬ ಹೆಸರು ಇನ್ನೂ ಗಟ್ಟಿಯಾಯಿತು.

ಮುಂದಿನ ವರ್ಷ ದೊರೆಸಾನಿಯ ವ್ರತದ ಶುಕ್ರವಾರ ಬಂದಾಗ ಮಾದಿ ನನ್ನನ್ನು ಕರೆದು, ಉರುಳೆಗೆಡ್ಡೆ ಹೊಲದ ಕಾವಲು ಗುಡಿಸಲಿನಲ್ಲಿ ಒಂದು ಒಲೆ ಹೂಡಿದ್ದೇನೆ, ಒಂದು ಹೊಸ ಗಡಿಗೆಯೂ ಇದೆ, ನಿಂಬೆಹಣ್ಣು ತಾ ಎಂದಳು. ನಾನು ತಂದುಕೊಟ್ಟೆ. ಅವತ್ತು ಗೌಡನ ಮುಂದೆ ನೀನೇಕೆ ಬಾಯಿ ಬಿಡಲಿಲ್ಲ ಎಂದು ಅವಳನ್ನು ಕೇಳುವ ಧೈರ್ಯ ಬಂದದ್ದು ಆಗಲೇ. ಅವಳು ತುಪ್ಪದಲ್ಲಿ ಬಳೆ ತಿರುಗಿಸುತ್ತ ಹೇಳಿದಳು: "ಹೇಳಿದ್ದರೆ ನಿನ್ನನ್ನು ಬಂಗಲೆ ಕೆಲಸ ಬಿಡಿಸುತ್ತಿದ್ದರು. ಈ ಉದಕ ಮತ್ತೆ ಸಿಕ್ಕುತ್ತಿತ್ತಾ?" ಇನ್ನೊಂದು ಬಳೆ ತುಪ್ಪಕ್ಕೆ ಬಿಟ್ಟು ಸೇರಿಸಿದಳು: "ನೀನು ಹೇಳುತ್ತೀಯಾ ಎಂದೂ ನೋಡುತ್ತಿದ್ದೆ." ನಾನು ಪುದೀನ ಕಿವುಚಿದೆ. ಬೇಕಾದದ್ದಕ್ಕಿಂತ ಹೆಚ್ಚು ಕಿವುಚಿದೆ.

ದೊರೆಸಾನಿ ಆರೇಳು ವರ್ಷದ ಮೇಲೆ ದೊರೆಯ ಜೊತೆ ಹಡಗು ಹತ್ತಿ ಹೋದರು. ಅಂತೋಣಿ ಬೇರೆ ಬಂಗಲೆ ಸೇರಿದ. ಅಪ್ಪ, ಅವ್ವೆ, ಗೌಡ, ಅವನ ತಮ್ಮ, ಅಂದು ಜಗುಲಿಯಲ್ಲಿ ಕೂತವರೆಲ್ಲ ಒಬ್ಬೊಬ್ಬರಾಗಿ ಹೋದರು. ಹೋಗುವಾಗ ಎಲ್ಲರೂ ನನ್ನ ಮೇಲಿನ ಗೌರವವನ್ನು ಜೊತೆಗೇ ಒಯ್ದರು. ಅವರು ಇದ್ದಾಗ ಹೇಳಬಹುದಿತ್ತು. ಒಂದೊಂದು ಸಾವಿನಲ್ಲೂ, ಇನ್ನು ಹೇಳಿದರೆ ಅವರ ಆತ್ಮಕ್ಕೆ ನೋವು ಎಂಬ ಒಂದು ಒಳ್ಳೆಯ ವಿಚಾರ ಹೊಳೆಯುತ್ತಿತ್ತು.

ಆದರೆ ಮೊನ್ನೆ ಆ ಹೊಸ ಹುಡುಗಿಯ ನೋಟ ತಡೆಯಲಾಗಲಿಲ್ಲ. ಐವತ್ತು ವರ್ಷದ ಹಿಂದೆ ಸತ್ತು ಹೋಗಬೇಕಾದ ಸುಳ್ಳು ಮೂರನೆಯ ತಲೆಮಾರಿನ ಸೊಸೆಗೆ ಪಾಠವಾಗಿ ನಿಂತಿದೆ. ಮಾದಿ ಸತ್ತ ಮೇಲೂ ಹೊಸಿಲು ದಾಟಿದವಳಾಗಿಯೇ ಉಳಿಯುತ್ತಾಳೆ. ಅದಕ್ಕೆ ಬರೆದೆ. ದೊರೆಸಾನಿಯ ಬಟ್ಟಲನ್ನೂ ಬಿಡದೆ, ಈ ಬಾರಿ ಎಲ್ಲವನ್ನೂ ಬರೆದೆ. ಮೊಮ್ಮಗ ಇದನ್ನು ಮನೆಯವರಿಗೆಲ್ಲ ಓದಿ ಹೇಳಲಿ ಎಂದು ಇಟ್ಟಿದ್ದೇನೆ. ಅದಕ್ಕೂ ಮುಂಚೆ ಮಾದಿಗೆ ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ತನ್ನ ಮೂಗಿಗೆ ಸಾರು ಹತ್ತಿರಲಿಲ್ಲ, ಅದು ನಿನ್ನ ಗಡ್ಡಕ್ಕೆ ಎಂದು ತಿದ್ದಿದಳು. ಆಮೇಲೆ ಹೇಳಿದಳು:

"ಓದಲಿ. ಯಾರೂ ನಂಬುವುದಿಲ್ಲೆ. ಪಾಪ, ಮುದುಕನಾದರೂ ಇನ್ನೂ ಹೆಂಡತಿಯನ್ನು ಬಿಟ್ಟುಕೊಡಲಿಲ್ಲ, ಎಷ್ಟು ಚೆನ್ನಾಗಿ ಕಟ್ಟಿ ಬರೆದಿದ್ದಾನೆ ಅಂತಾರೆ. ಆ ಹುಡುಗಿ ನಿನ್ನ ಕಾಲಿಗೆ ಬೀಳುತ್ತಾಳೆ."

ನಾನು ಹಾಳೆಗಳನ್ನು ಮಡಚಿದೆ. ಅವಳು ಹೇಳಿದ್ದು ನಿಜವೇ ಎಂದು ಯೋಚಿಸಿದೆ, ನಿಜವೇ ಆಗಿತ್ತು. ಆಗ ನನ್ನ ಎದೆಯಿಂದ ಒಂದು ಉಸಿರು ತಾನಾಗಿ ಹೊರಗೆ ಬಂತು. ಹಾಯಾದ, ಉದ್ದವಾದ ಉಸಿರು. ಮಾದಿ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.